ತಿರುವಿನಲ್ಲಿ ತಪ್ಪಿದ ಹಿಡಿತ: ಚಿಕ್ಕೋಡಿ ಸೀಮೆಯ ಸಡಕುಗಳನ್ನು ಕುರಿತ ಒಂದು ಕಾರಣವಿಚಾರ

ವಾಹನವೊಂದು ತಿರುವಿನಲ್ಲಿ ಹಿಡಿತ ತಪ್ಪಿ ಸಡಕನ್ನು ಬಿಟ್ಟು ಹೋದಾಗ ಅದರ ಕಾರಣವನ್ನು ಅರಸುವುದು ಯಂತ್ರಶಾಸ್ತ್ರಜ್ಞರ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇತಿಹಾಸದ ಅಭ್ಯಾಸಿಗಳಿಗೂ ಅದರಲ್ಲಿ ಪಾಲುಂಟೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ. ನಡೆದುಹೋದ ಘಟನೆ, ಉಳಿದುಬಂದ ಕೆಲವು ಕುರುಹುಗಳು, ಒಂದಕ್ಕೊಂದು ಹೊಂದದ ಹೇಳಿಕೆಗಳು, ಇವೆಲ್ಲವುಗಳಿಂದ ನಿಜವನ್ನು ಬೇರ್ಪಡಿಸಬೇಕಾದ ವಿಚಾರಕ: ಶಾಸನದ ಮುಂದೆ ಕುಳಿತವನ ಸ್ಥಿತಿಯೂ ಉರುಳಿದ ಮೋಟಾರಿನ ಮುಂದೆ ನಿಂತವನ ಸ್ಥಿತಿಯೂ ಈ ಮಟ್ಟಿಗೆ ಒಂದೇ. ವ್ಯತ್ಯಾಸವಿಷ್ಟೆ, ಎರಡನೆಯವನ ತಪ್ಪು ನಿರ್ಣಯವು ಮುಂದೆ ಅದೇ ತಿರುವಿನಲ್ಲಿ ಮತ್ತೊಂದು ಜೀವಕ್ಕೆ ಎರವಾಗಬಹುದು.

ನಮ್ಮ ವಿಚಾರಕ್ಕೆ ನೆಲೆಯಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಈ ನಾಡು ಬಹುಕಾಲ ಒಂದೇ ಆಡಳಿತದಲ್ಲಿರಲಿಲ್ಲ. ನಿಪ್ಪಾಣಿಯ ದೇಸಗತಿಯು 1839ರಲ್ಲಿ ಆಂಗ್ಲರ ವಶವಾಯಿತು. ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿದ್ದು, ಆ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬಳಿಕವೇ ಬೆಳಗಾವಿ ಜಿಲ್ಲೆಯನ್ನು ಸೇರಿತು. 1956ರ ನವೆಂಬರ್ 1ರಂದು ಈ ಪ್ರದೇಶವೆಲ್ಲವೂ ಮೈಸೂರು ರಾಜ್ಯಕ್ಕೆ ಬಂದಿತು. ಆದುದರಿಂದ ಇಲ್ಲಿಯ ಸಡಕುಗಳು ಒಬ್ಬನೇ ಯಜಮಾನನ ಕೈಯಲ್ಲಿ ಬೆಳೆದವುಗಳಲ್ಲ.

ಈ ಸೀಮೆಯ ಪ್ರಧಾನ ಮಾರ್ಗವೆಂದರೆ ಪುಣೆ–ಬೆಂಗಳೂರು ಸಡಕು. 1890ರ ಸುಮಾರಿಗೆ ಬೆಳಗಾವಿ–ಮೀರಜ ರೈಲುಮಾರ್ಗವು ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೂಲಕ ಸಾಗಿದರೂ ನಿಪ್ಪಾಣಿಗೆ ರೈಲು ಬರಲಿಲ್ಲ. ಅಲ್ಲಿಯ ತಂಬಾಕಿನ ವ್ಯಾಪಾರವೆಲ್ಲವೂ ಸಡಕನ್ನೇ ನಂಬಿ ಬೆಳೆಯಿತು. ನಿಪ್ಪಾಣಿಯಿಂದ ದಕ್ಷಿಣಕ್ಕೆ ಸಂಕೇಶ್ವರದ ಕಡೆ ಹೊರಟರೆ ಜೈನರ ಪುಣ್ಯಕ್ಷೇತ್ರವಾದ ಸ್ತವನಿಧಿಯ ಬಳಿ ಸಡಕು ಗುಡ್ಡವನ್ನೇರುತ್ತದೆ. ಜನರು ತವಂದಿ ಘಾಟವೆಂದು ಕರೆಯುವ ಈ ಏರಿಳಿತವು ಅಪಘಾತಗಳ ಕಾರಣದಿಂದ ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡಿದೆ. ಚಕ್ಕಡಿಗಳ ಕಾಲದ ಈ ದಾರಿಯು 4ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿ, 1999ರಲ್ಲಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲಗೊಂಡು, 2010ರ ಹೊಸ ಕ್ರಮದಲ್ಲಿ 48ನೆಯ ಸಂಖ್ಯೆಯನ್ನು ಪಡೆಯಿತು. ಇದರ ಹೊರತಾಗಿ ಚಿಕ್ಕೋಡಿಯ ಮೂಲಕ ಸಾಗುವ ನಿಪ್ಪಾಣಿ–ಮುಧೋಳ ಹೆದ್ದಾರಿ, ಅಥಣಿಯನ್ನು ಹಾಯುವ ಜತ್ತ–ಜಾಂಬೋಟಿ ಹೆದ್ದಾರಿ, ಕಾಗವಾಡದಿಂದ ಮೀರಜಕ್ಕೆ ಹೋಗುವ ಮಾರ್ಗ, ಇವೂ ಗಮನಾರ್ಹವಾಗಿವೆ.

ತಿರುವಿನ ಸಮಸ್ಯೆಯು ಮೋಟಾರಿನೊಡನೆ ಹುಟ್ಟಿದುದಲ್ಲ. ಎರಡು ಗಾಲಿಗಳ ಚಕ್ಕಡಿಯಲ್ಲಿ ಅಚ್ಚು ಸ್ಥಿರವಾಗಿದ್ದು ಗಾಲಿಗಳು ತಮ್ಮಷ್ಟಕ್ಕೆ ತಾವು ಸುತ್ತುವುದರಿಂದ, ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರವನ್ನೂ ಒಳಗಿನ ಗಾಲಿ ಕಡಿಮೆ ದೂರವನ್ನೂ ತೊಂದರೆಯಿಲ್ಲದೆ ಕ್ರಮಿಸುತ್ತವೆ. ನಾಲ್ಕು ಗಾಲಿಗಳಾದೊಡನೆ ತೊಡಕು ಪ್ರಾರಂಭವಾಗುತ್ತದೆ. ನಮ್ಮ ತೇರುಗಳನ್ನು ತಿರುಗಿಸುವಾಗ ಗಾಲಿಗಳಡಿ ಮರದ ತುಂಡುಗಳನ್ನಿಟ್ಟು ಸನ್ನೆಗೋಲುಗಳಿಂದ ಮೀಟುವುದನ್ನು ಎಲ್ಲರೂ ನೋಡಿದ್ದಾರೆ. ಯುರೋಪಿನ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ತಿರುಗುತ್ತಿದ್ದುದರಿಂದ ಗಾಡಿಯ ಆಧಾರವು ಕಿರಿದಾಗಿ ಅದು ಉರುಳುವ ಭಯವಿತ್ತು. ಮ್ಯೂನಿಕ್ ನಗರದ ಗಾಡಿ ತಯಾರಕನಾದ ಲಾಂಕೆನ್‌ಸ್ಪೆರ್ಗರನು ಎರಡು ಮುಂಗಾಲಿಗಳೂ ಬೇರೆಬೇರೆ ಕೀಲುಗಳ ಮೇಲೆ ತಿರುಗುವಂತಹ ಉಪಾಯವನ್ನು ಕಂಡುಹಿಡಿದನು. ಅವನ ಪರವಾಗಿ ಅಕರ್ಮಾನನು 1818ರಲ್ಲಿ ಲಂಡನ್ನಿನಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಈ ವಿಧಾನಕ್ಕೆ ಕಂಡುಹಿಡಿದವನ ಹೆಸರು ಬಾರದೆ ಹಕ್ಕು ಪಡೆದವನ ಹೆಸರು ಬಂದುದು ಇತಿಹಾಸದ ವಿನೋದಗಳಲ್ಲೊಂದು.

ಅಕರ್ಮಾನನ ರೇಖಾಗಣಿತವು ಗಾಲಿಯು ತಾನು ಮುಖ ಮಾಡಿದ ದಿಕ್ಕಿಗೇ ಉರುಳುವುದೆಂದು ಭಾವಿಸುತ್ತದೆ. ಮಂದಗತಿಯಲ್ಲಿ ಇದು ನಿಜ, ವೇಗ ಹೆಚ್ಚಿದಾಗ ನಿಜವಲ್ಲ. ಗಾಳಿ ತುಂಬಿದ ರಬ್ಬರಿನ ಟಾಯರು ಪಾರ್ಶ್ವಬಲಕ್ಕೆ ಸಿಕ್ಕು ಬಳುಕಿ, ಮುಖ ಮಾಡಿದ ದಿಕ್ಕಿಗಿಂತ ಸ್ವಲ್ಪ ಓರೆಯಾಗಿ ಸಾಗುತ್ತದೆ. ಈ ಓರೆಯನ್ನು ನಾವು ಜಾರುಕೋನವೆಂದು ಕರೆಯಬಹುದು. ಫ್ರಾನ್ಸಿನ ಬ್ರೂಲಿಯೆ 1925ರಲ್ಲಿ ಈ ವಿಷಯವನ್ನು ಪ್ರತಿಪಾದಿಸಿದನು. 1930ರಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯಿಂದ ಅಮೆರಿಕೆಯ ಕ್ಯಾಡಿಲಾಕ್ ಸಂಸ್ಥೆಗೆ ಹೋದ ಮಾರಿಸ್ ಆಲಿಯು ಇದನ್ನು ಮುಂದುವರಿಸಿ ಒಂದು ಸರಳವಾದ ವಿಭಜನೆಯನ್ನು ಬಳಕೆಗೆ ತಂದನು. ಮುಂದಿನ ಟಾಯರುಗಳ ಜಾರುಕೋನ ಹೆಚ್ಚಾದರೆ ವಾಹನವು ಚಾಲಕ ಕೇಳಿದಷ್ಟು ತಿರುಗದೆ ತಿರುವಿನ ಹೊರಗೆ ನುಗ್ಗುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದಿನವುಗಳ ಜಾರುಕೋನ ಹೆಚ್ಚಾದರೆ ಹಿಂಭಾಗವು ಹೊರಕ್ಕೆ ಬೀಸಿ ವಾಹನವು ಕೇಳಿದುದಕ್ಕಿಂತ ಹೆಚ್ಚು ತಿರುಗುತ್ತದೆ, ಇದು ಓವರ್‌ಸ್ಟಿಯರ್. ಸಾವಿರಾರು ವರ್ಷ ಗಾಲಿಯನ್ನು ಬಳಸಿದ ಮಾನವನಿಗೆ ಈ ಎರಡನ್ನು ಬೇರ್ಪಡಿಸಿ ಹೇಳುವ ಮಾತು ದೊರೆತುದು ಹೀಗೆ ತೀರ ಈಚೆಗೆ.

ಇನ್ನು ಸಡಕಿನ ಲೆಕ್ಕವನ್ನು ನೋಡೋಣ. 1934ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ, ಗಂಟೆಗೆ ಕಿಲೋಮೀಟರುಗಳಲ್ಲಿ ಹೇಳಿದ ವೇಗದ ವರ್ಗವನ್ನು, ಮೀಟರುಗಳಲ್ಲಿ ಹೇಳಿದ ತಿರುವಿನ ತ್ರಿಜ್ಯವನ್ನು 127ರಿಂದ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಬಂದ ಫಲವನ್ನು ಸಡಕಿನ ಒಳವಾಟ ಮತ್ತು ಟಾಯರಿನ ಪಾರ್ಶ್ವಘರ್ಷಣೆ ಇವೆರಡೂ ಕೂಡಿ ಹೊರಬೇಕು. ಬಯಲುಸೀಮೆಯಲ್ಲಿ ಒಳವಾಟವು ನೂರಕ್ಕೆ 7ನ್ನು ಮೀರಬಾರದು, ಘರ್ಷಣೆಯನ್ನು 0.15ಕ್ಕಿಂತ ಹೆಚ್ಚು ನಂಬಬಾರದು. 60 ಮೀಟರು ತ್ರಿಜ್ಯದ ತಿರುವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. 40 ಕಿಲೋಮೀಟರು ವೇಗದಲ್ಲಿ ಫಲವು 0.21, ಒಳವಾಟದ 0.07ನ್ನು ಕಳೆದರೆ ಟಾಯರಿನ ಪಾಲಿಗೆ 0.14 ಬರುತ್ತದೆ. ಇದು ನಿಯಮಕ್ಕೆ ಒಳಪಟ್ಟುದು. 60 ಕಿಲೋಮೀಟರು ವೇಗದಲ್ಲಿ ಫಲವು 0.47 ಆಗಿ ಟಾಯರಿನ ಪಾಲು 0.40ಕ್ಕೆ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಟಾಯರಿನ ಹೊರೆ ಸುಮಾರು ಮೂರು ಪಟ್ಟಾಯಿತು. ಒಣಗಿದ ಒಳ್ಳೆಯ ಡಾಂಬರು ಇದನ್ನೂ ತಾಳೀತು. ಮಳೆಗೆ ನೆನೆದು ಎರೆಮಣ್ಣು ಮೆತ್ತಿದ ಡಾಂಬರು ತಾಳದು.

ಈ ಲೆಕ್ಕದಲ್ಲಿ ಚಾಲಕನೂ ಇದ್ದಾನೆ, ಟಾಯರೂ ಇದೆ, ಸಡಕು ಕಟ್ಟಿದವರೂ ಇದ್ದಾರೆ. ಹೇರು ಎತ್ತರವಾದಲ್ಲಿ ನಾಲ್ಕನೆಯ ಅಂಶವೊಂದು ಕೂಡಿಕೊಳ್ಳುತ್ತದೆ. ಉಗಾರದ ಸಕ್ಕರೆ ಕಾರಖಾನೆಯ ಸಂಸ್ಥೆ 1939ರಲ್ಲಿ ಸ್ಥಾಪಿತವಾಯಿತು. ಕ್ರಮೇಣ ಕಬ್ಬು ಈ ಸೀಮೆಯ ಮುಖ್ಯ ಬೆಳೆಯಾಗಿ, ಅದನ್ನು ಸಾಗಿಸುವ ಚಕ್ಕಡಿಗಳ ಜೊತೆಗೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳೂ ಸಡಕಿಗಿಳಿದವು. ಗಾಲಿಗಳ ನಡುವಣ ಅಂತರ 1.8 ಮೀಟರು, ಹೇರಿನ ಗುರುತ್ವಕೇಂದ್ರ ನೆಲದಿಂದ 2.25 ಮೀಟರು ಎತ್ತರದಲ್ಲಿದೆಯೆಂದಿಟ್ಟುಕೊಂಡರೆ, ಸಮತಟ್ಟಾದ ಸಡಕಿನಲ್ಲಿ ಮೇಲಿನ ಫಲವು 0.40ನ್ನು ಮುಟ್ಟಿದೊಡನೆ ಅದು ಉರುಳುತ್ತದೆ. ಒಣ ಸಡಕಿನಲ್ಲಿ ಅದರ ಟಾಯರುಗಳು ಜಾರುವ ಮೊದಲೇ ಹೇರು ಮಗುಚಿರುತ್ತದೆ. ಕಾರು ಜಾರಿದುದಕ್ಕೂ ಕಬ್ಬಿನ ಗಾಡಿ ಉರುಳಿದುದಕ್ಕೂ ಕಾರಣ ಒಂದೇ ಎನ್ನುವುದು ಆದುದರಿಂದ ಸರಿಯಲ್ಲ.

ಹಾಗಾದರೆ ಕಾರಣವನ್ನು ಗೊತ್ತುಪಡಿಸುವ ಕ್ರಮವೇನು? ಮೊದಲು, ಜಾರಿದುದು ಮುಂಭಾಗವೋ ಹಿಂಭಾಗವೋ ಎಂಬುದನ್ನು ನಿರ್ಣಯಿಸಬೇಕು. ಎರಡನೆಯದಾಗಿ, ಹಿಡಿತ ತಪ್ಪುವುದು ಎರಡೂ ಕಡೆಯ ತಿರುವುಗಳಲ್ಲಿಯೋ ಒಂದೇ ಕಡೆಯೋ ನೋಡಬೇಕು. ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆ ಬೀಳುವುದರಿಂದ, ಎಡತಿರುವಿನಲ್ಲಿ ಮಾತ್ರ ತೋರುವ ದೋಷವನ್ನು ಬಲಭಾಗದ ಟಾಯರು, ಸ್ಪ್ರಿಂಗು, ಬೇರಿಂಗುಗಳಲ್ಲಿ ಮೊದಲು ಹುಡುಕಬೇಕು. ಮೂರನೆಯದಾಗಿ, ಅದು ಯಾವ ಸಂದರ್ಭದಲ್ಲಿ ತೋರುತ್ತದೆ ಎಂಬುದು ಮುಖ್ಯ. ತಗ್ಗುದಿನ್ನೆಗಳಲ್ಲಿ ಮಾತ್ರ ಗಾಡಿ ಕುಪ್ಪಳಿಸಿ ಹೊರಸರಿದರೆ ಶಾಕ್ ಅಬ್ಸಾರ್ಬರುಗಳು ಸೋತಿರಬಹುದು. ಇಳಿಜಾರಿನ ತಿರುವಿನಲ್ಲಿ ಬ್ರೇಕು ಹಾಕಿದಾಗ ಹಿಂಭಾಗ ಬೀಸಿದರೆ, ಭಾರವೆಲ್ಲ ಮುಂದಕ್ಕೆ ಬಾಗಿ ಹಿಂದಿನ ಗಾಲಿಗಳು ಹಗುರಾದುದೇ ಕಾರಣವಿರಬಹುದು. ಘಾಟ ಇಳಿಯುವಾಗ ತಿರುವಿನ ಮೊದಲೇ ವೇಗವನ್ನು ತಗ್ಗಿಸಬೇಕೆಂಬ ಹಿರಿಯ ಚಾಲಕರ ಮಾತಿಗೆ ಇದೇ ಆಧಾರ. ಕೊನೆಯದಾಗಿ, ಸುಲಭವಾದ ಪರೀಕ್ಷೆಗಳು ಮೊದಲು, ಕಠಿಣವಾದವು ಅನಂತರ. ಟಾಯರಿನ ಗಾಳಿ, ಅದರ ಸವೆತ, ಸ್ಟಿಯರಿಂಗಿನ ಕೀಲುಗಳ ಸಡಿಲು, ರಬ್ಬರಿನ ಬುಶ್ಶುಗಳು, ಗಾಲಿಗಳ ಅಲೈನ್‌ಮೆಂಟ್, ಈ ಅನುಕ್ರಮದಲ್ಲಿ ನೋಡಿ, ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಮತ್ತೆ ಪರೀಕ್ಷಿಸಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸಿದವನಿಗೆ ದೋಷ ಹೋದರೂ ಕಾರಣ ತಿಳಿಯದು.

ಕುರುಹುಗಳನ್ನು ಓದುವುದೂ ಒಂದು ವಿದ್ಯೆ. ಟಾಯರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿದ್ದುದನ್ನೂ, ನಡುಭಾಗ ಸವೆದಿದ್ದರೆ ಹೆಚ್ಚಿದ್ದುದನ್ನೂ ಅದು ಸಾರುತ್ತದೆ. ಬ್ರೇಕಿನಿಂದ ಬಿಗಿದ ಗಾಲಿಯು ಸಡಕಿನ ಮೇಲೆ ಉದ್ದುದ್ದವಾದ ಕರಿಗೆರೆಯನ್ನು ಎಳೆದರೆ, ಉರುಳುತ್ತಲೇ ಪಕ್ಕಕ್ಕೆ ಜಾರಿದ ಗಾಲಿಯು ಬಾಗಿದ ಗೆರೆಯನ್ನೂ ಅದರೊಳಗೆ ಓರೆಯಾದ ಸೂಕ್ಷ್ಮ ಗೀರುಗಳನ್ನೂ ಬಿಡುತ್ತದೆ. ಒಂದು ಮಳೆ ಬಂದರೆ ಈ ಲಿಪಿ ಅಳಿಸಿಹೋಗುವುದು. ಕಲ್ಲಿನ ಶಾಸನಕ್ಕಿರುವ ಆಯುಷ್ಯ ಇದಕ್ಕಿಲ್ಲ.

ಕಾರಣನಿರ್ಣಯವು ಎಷ್ಟು ವಿವಾದಾಸ್ಪದವಾಗಬಹುದೆಂಬುದಕ್ಕೆ ಅಮೆರಿಕೆಯ ಶೆವ್ರಲೆ ಕಾರ್ವೇರ್ ಕಾರಿನ ಪ್ರಕರಣ ನಿದರ್ಶನವಾಗಿದೆ. ಹಿಂದೆ ಇಂಜಿನುಳ್ಳ ಈ ಕಾರು 1960ರ ಮಾದರಿಯಾಗಿ ಹೊರಬಂದಿತು. ಹಿಂಭಾಗವು ಜಾರುವುದನ್ನು ತಡೆಯಲು ತಯಾರಕರು ಮುಂದಿನ ಟಾಯರುಗಳಿಗೆ ಚದರ ಅಂಗುಲಕ್ಕೆ 15 ಪೌಂಡು, ಹಿಂದಿನವುಗಳಿಗೆ 26 ಪೌಂಡು ಗಾಳಿಯನ್ನು ವಿಧಿಸಿದ್ದರು. ರೂಢಿಯಂತೆ ನಾಲ್ಕಕ್ಕೂ ಒಂದೇ ಪ್ರಮಾಣದಲ್ಲಿ ಗಾಳಿ ತುಂಬಿದರೆ ಆ ರಕ್ಷಣೆ ಇಲ್ಲವಾಗುತ್ತಿತ್ತು. 1965ರಲ್ಲಿ ರಾಲ್ಫ್ ನೇಡರನು ತನ್ನ ಗ್ರಂಥದಲ್ಲಿ ದೋಷವನ್ನು ಚಾಲಕನಿಂದ ತೆಗೆದು ವಿನ್ಯಾಸದ ಮೇಲಿರಿಸಿದನು. 1972ರ ಸರಕಾರಿ ವರದಿಯಾದರೋ ಅದೇ ಕಾಲದ ಅಂತಹ ಇತರ ಕಾರುಗಳಿಗಿಂತ ಅದು ಹೆಚ್ಚು ಅಪಾಯಕಾರಿಯಾಗಿರಲಿಲ್ಲವೆಂದು ಹೇಳಿತು. ತೀರ್ಪಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಉಳಿಯಿತು, ಆದರೆ ವಾಹನವನ್ನೂ ಪ್ರಶ್ನಿಸಬೇಕೆಂಬ ಪದ್ಧತಿ ನೆಲೆಯೂರಿತು.

ನಮ್ಮಲ್ಲಿಯ ಪದ್ಧತಿ ಯಾವುದು? ಅಪಘಾತದ ಕಾಗದಪತ್ರಗಳಲ್ಲಿ ಕಾಣುವ 'ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ' ಎಂಬ ಮಾತು ಎಲ್ಲರಿಗೂ ಪರಿಚಿತ. ಈ ಮಾತಿನ ವಂಶಾವಳಿಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ಸಾರ್ವಜನಿಕ ಮಾರ್ಗದಲ್ಲಿ ದುಡುಕಿನಿಂದ ವಾಹನ ನಡೆಸುವುದನ್ನು ದಂಡಿಸುವ 279ನೆಯ ಕಲಮು 1860ರ ದಂಡಸಂಹಿತೆಯದು. ನಿರ್ಲಕ್ಷ್ಯದಿಂದಾದ ಮರಣದ 304ಎ ಕಲಮನ್ನು 1870ರಲ್ಲಿ ಸೇರಿಸಲಾಯಿತು. ಭಾರತಕ್ಕೆ ಮೋಟಾರು ಬಂದುದು 1890ರ ದಶಕದ ಕೊನೆಗೆ. ಎಂದರೆ ಈ ನುಡಿಗಟ್ಟು ಕುದುರೆಗಾಡಿಯ ಕಾಲದ್ದು. ಕುದುರೆಗಾಡಿಯಲ್ಲಿ ನಡೆಸುವವನ ಹೊರತು ದೋಷಕ್ಕೆ ಬೇರೆ ಗುರಿಗಳು ವಿರಳವಾಗಿದ್ದುವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೆಯ ಕಲಮುಗಳು ಅವುಗಳ ಸ್ಥಾನಕ್ಕೆ ಬಂದರೂ ತಿರುಳು ಬದಲಾಗಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 136ನೆಯ ಕಲಮು ಅಪಘಾತಕ್ಕೀಡಾದ ವಾಹನದ ಪರೀಕ್ಷೆಗೆ ಅವಕಾಶ ಕೊಟ್ಟಿತು. 2019ರ ತಿದ್ದುಪಡಿಯ 198ಎ ಕಲಮಿನಿಂದ ಸಡಕಿನ ವಿನ್ಯಾಸ, ನಿರ್ಮಾಣ, ಪಾಲನೆಗಳ ದೋಷವೂ ದಂಡಾರ್ಹವಾಯಿತು. ಕಾನೂನು ಹೀಗೆ ಮನುಷ್ಯನಿಂದ ಯಂತ್ರಕ್ಕೆ, ಯಂತ್ರದಿಂದ ಮಾರ್ಗಕ್ಕೆ ಬರಲು ಒಂದೂವರೆ ಶತಮಾನ ಹಿಡಿಯಿತು. ಅಷ್ಟೂ ಕಾಲ ಸತ್ತ ಚಾಲಕನು ಉತ್ತರ ಕೊಡಲಾರದವನಾಗಿ ಹೊಣೆಯನ್ನು ಹೊರುವ ಸಂಭವವಿತ್ತು.

ವಾಹನಗಳ ಪೀಳಿಗೆ ಬದಲಾದಂತೆ ಪ್ರಶ್ನೆಗಳೂ ಬದಲಾಗುತ್ತವೆ ಎಂಬುದನ್ನು ಇಲ್ಲಿ ಸೇರಿಸಬೇಕು. ಬಹುಕಾಲ ನಮ್ಮ ಸಡಕುಗಳನ್ನು ಆಳಿದ ಅಂಬಾಸಡರಿನಲ್ಲಿ ಹಿಂದಿನ ಗಾಲಿಗಳು ಎಳೆಯಲ್ಪಡದೆ ತಾವೇ ತಳ್ಳುತ್ತಿದ್ದುವು. ಅವುಗಳ ಮೇಲೆ ಪಾಟಾಸ್ಪ್ರಿಂಗುಗಳಿದ್ದುವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಗಾಲಿಗಳೇ ಎಳೆಯುತ್ತಿದ್ದುವು. ಮೊದಲನೆಯದರಲ್ಲಿ ಜಿಗಟು ತಿರುವಿನಲ್ಲಿ ಎಕ್ಸಲರೇಟರ್ ಒತ್ತಿದರೆ ಹಿಂಭಾಗ ಬೀಸುವ ಭಯ, ಎರಡನೆಯದರಲ್ಲಿ ಮುಂಭಾಗ ನೆಟ್ಟಗೆ ನುಗ್ಗುವ ಭಯ. ಒಂದರ ಅಭ್ಯಾಸವು ಇನ್ನೊಂದಕ್ಕೆ ಸಾಲದು.

ಕರ್ಣನ ಅವಸಾನಕ್ಕೆ ಕಾರಣವೇನೆಂದು ನಮ್ಮ ಭಾರತಕಥೆಯನ್ನು ಕೇಳಿದರೆ ಅದು ಒಂದೇ ಉತ್ತರವನ್ನು ಕೊಡುವುದಿಲ್ಲ. ಶಾಪವಿತ್ತು, ರಥದ ಗಾಲಿಯನ್ನು ನುಂಗಿದ ನೆಲವಿತ್ತು, ರಥವನ್ನಿಳಿದು ಹೋದ ಸಾರಥಿ ಶಲ್ಯನಿದ್ದನು. ಕಾರಣಗಳ ಈ ಬಹುತ್ವವನ್ನು ಒಪ್ಪುವುದರಿಂದ ಅರ್ಜುನನ ಬಾಣ ಸುಳ್ಳಾಗದು. ಹಾಗೆಯೇ ತವಂದಿ ಘಾಟದಲ್ಲಾಗಲಿ, ಅಥಣಿಯ ಕಬ್ಬಿನ ದಾರಿಯಲ್ಲಾಗಲಿ, ವೇಗವು ಕಾರಣವಲ್ಲವೆಂದು ನಾವು ಹೇಳುತ್ತಿಲ್ಲ. ವೇಗವೊಂದನ್ನೇ ಬರೆದು ಕಡತವನ್ನು ಮುಚ್ಚಿದರೆ, ಸವೆದ ಟಾಯರು ಮತ್ತೊಂದು ಗಾಡಿಗೆ ಸಾಗುವುದು, ಒಳವಾಟವಿಲ್ಲದ ತಿರುವು ಹಾಗೆಯೇ ಉಳಿಯುವುದು, ಎತ್ತರದ ಹೇರು ಮರುವರ್ಷದ ಹಂಗಾಮಿಗೆ ಮತ್ತೆ ಸಡಕಿಗೆ ಬರುವುದು.

ಆದುದರಿಂದ ಈ ಸೀಮೆಯ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ನಾವು ಒಂದು ಕಾರ್ಯವನ್ನು ಸೂಚಿಸುತ್ತೇವೆ. ತಮ್ಮ ಊರಿನ ಒಂದೊಂದು ತಿರುವನ್ನು ಆರಿಸಿಕೊಂಡು, ಅದರ ತ್ರಿಜ್ಯ, ಒಳವಾಟ, ದೃಷ್ಟಿಯಳತೆ, ಮಣ್ಣು ಮೆತ್ತುವ ತಿಂಗಳುಗಳು, ಅಲ್ಲಿ ನಡೆದ ಅಪಘಾತಗಳು ಮತ್ತು ಅವುಗಳಿಗೆ ಬರೆಯಲಾದ ಕಾರಣಗಳು, ಇವುಗಳನ್ನು ಕ್ರಮವಾಗಿ ದಾಖಲಿಸಬೇಕು. ಗಣಿತದವರೂ ಭೌತಶಾಸ್ತ್ರದವರೂ ಇದರಲ್ಲಿ ಇತಿಹಾಸದವರೊಡನೆ ಕೂಡಬಹುದು. ರಾಜರ ದಂಡಯಾತ್ರೆಗಳ ಮಾರ್ಗವನ್ನು ಶೋಧಿಸುವಷ್ಟೇ ಶ್ರದ್ಧೆಯಿಂದ, ದಿನದಿನವೂ ಜನರು ಓಡಾಡುವ ಮಾರ್ಗವನ್ನೂ ಶೋಧಿಸುವುದು ಇತಿಹಾಸದ ಕರ್ತವ್ಯವೆಂಬುದು ನಮ್ಮ ಮತ.