ರೂವಾರಿ ಮಲ್ಲಿತಮ್ಮ

ಹೊಯ್ಸಳರ ಗುಡಿಗಳನ್ನು ನೋಡಿ ಬೆರಗಾದ ಜನರು ಅಲ್ಲಿಯ ಕೌಶಲಕ್ಕೆ ಎರಡು ಕಾರಣಗಳನ್ನು ಹೇಳುವ ವಾಡಿಕೆಯುಂಟು. ಜಕಣಾಚಾರಿಯೆಂಬ ದೈವಾಂಶಪುರುಷನೊಬ್ಬನು ಎಲ್ಲವನ್ನೂ ಕಡೆದನೆಂಬುದು ಒಂದು. ಬಳಪದ ಕಲ್ಲು ಮೃದುವಾದುದರಿಂದ ಕೆಲಸವು ಸುಲಭವಾಯಿತೆಂಬುದು ಮತ್ತೊಂದು. ಮೊದಲನೆಯದು ರಮ್ಯವಾದ ಕಥೆ. ಕಲ್ಲಿನೊಳಗಣ ಕಪ್ಪೆಯೂ, ತಂದೆಯ ತಪ್ಪನ್ನು ತೋರಿಸಿದ ಮಗ ಡಂಕಣನೂ ಇಲ್ಲದಿದ್ದರೆ ನಮ್ಮ ನಾಡಿನ ಅಜ್ಜಿಯರ ಕಥಾಭಂಡಾರವು ಬಡವಾಗುತ್ತಿದ್ದಿತು. ಆದರೆ ಕಥೆಯು ಚರಿತ್ರೆಯ ಪೀಠವನ್ನೇರಿದಾಗ, ನಿಜವಾಗಿ ಉಳಿ ಹಿಡಿದವರ ಹೆಸರುಗಳು ಮರೆಯಾಗುವುವು.

ಎರಡನೆಯ ಕಾರಣದಲ್ಲಿ ಅರ್ಧ ಸತ್ಯವಿದೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಡುಸಾಗುವುದು. ಮಣಿಗಳಿಂದ ಕೂಡಿದ ಹಾರಗಳನ್ನೂ ಬಳ್ಳಿಯ ಸುರುಳಿಗಳನ್ನೂ ತೆರವು ಮಾಡಿ ಕಡೆಯಲು ಈ ಗುಣವು ನೆರವಾಯಿತು, ದಿಟ. ಆದರೆ ಮೃದುವಾದ ಕಲ್ಲಿನಲ್ಲಿ ತಪ್ಪೇಟೂ ಅಷ್ಟೇ ಸುಲಭವಾಗಿ ಆಳಕ್ಕಿಳಿಯುವುದು. ಹಾರಿಹೋದ ಮೂಗನ್ನು ಮರಳಿ ಕೂಡಿಸುವ ಉಪಾಯವಿಲ್ಲ. ಅಮರಕೋಶವು ಕೈಗೆ ಸಿಕ್ಕಿದ ಮಾತ್ರಕ್ಕೆ ಬಾಲಕನು ಕವಿಯಾಗುವನೆ?

ಈ ರೂವಾರಿಗಳು ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿಟ್ಟಿರುವುದು ಕನ್ನಡಿಗರ ಭಾಗ್ಯ. ರೂವಾರಿಯೆಂಬುದು ಸಂಸ್ಕೃತದ ರೂಪಕಾರಿ ಶಬ್ದದ ತದ್ಭವ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ದುಡಿದರು. ತಂದೆಯ ಕೈಯಿಂದ ಮಗನ ಕೈಗೆ ವಿದ್ಯೆಯು ಸಂದುದನ್ನು ಅಲ್ಲಿಯ ಮದನಿಕೆಗಳಲ್ಲಿ ಕಣ್ಣಾರೆ ನೋಡಬಹುದು. ಬೇಲೂರಿನ ಶಿಲ್ಪಿಗಳು ಹೆಸರಿನೊಡನೆ ಬಿರುದುಗಳನ್ನೂ ಕೆತ್ತಿಕೊಂಡರು. ಪ್ರತಿಸ್ಪರ್ಧಿಗಳನ್ನು ಹಳಿಯುವ ಆ ಬಿರುದುಗಳು ಪಂಡಿತರ ಸಭೆಯನ್ನು ನೆನಪಿಗೆ ತರುವುವು!

ಇವರಿಗಿಂತ ತುಸು ಈಚಿನವನು ಮಲ್ಲಿತಮ್ಮ. ವೀರಬಲ್ಲಾಳನ ದಂಡನಾಯಕನು 1196ರಲ್ಲಿ ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನ ಕವಿ. ಅದೇ ಗುಡಿಯ ಮಂಟಪದಲ್ಲಿ, ತಲೆಯ ಮೇಲಣ ಭುವನೇಶ್ವರಿಗಳಲ್ಲಿ, ಮಲ್ಲಿತಮ್ಮನ ಕೆಲಸವು ಮೊದಲು ಕಂಡುಬರುವುದು. ನೋಡುವವನು ಕತ್ತು ನೋಯಿಸಿಕೊಂಡು ದಿಟ್ಟಿಸಬೇಕಾದ ಕೆಲಸವದು. ಬಹುಮಂದಿ ದಿಟ್ಟಿಸುವುದೇ ಇಲ್ಲ.

ಐವತ್ತು ವರ್ಷಗಳ ತರುವಾಯ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಆ ಹೆಸರು ಮತ್ತೆ ದೊರೆಯುವುದು. ಅಲ್ಲಿ ದಕ್ಷಿಣದ ಗೋಡೆಯ ಮೂರ್ತಿಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಗುಡಿಯನ್ನು ಒಂದು ಸುತ್ತು ಬಂದರೆ ಎರಡು ಕೈಗಳ ಭೇದವು ತಿಳಿಯುವುದು. ಬೈಚೋಜನ ಮೂರ್ತಿಗಳಲ್ಲಿ ಗಾಂಭೀರ್ಯವು ಹೆಚ್ಚೆಂದು ಒಪ್ಪಲೇಬೇಕು. ಮಲ್ಲಿತಮ್ಮನ ಒಲವು ಅಲಂಕಾರದ ಕಡೆಗೆ. ಐವತ್ತು ವರ್ಷ ದುಡಿದವನೂ ಪಕ್ಕದ ಗೋಡೆಯವನಿಂದ ಹೋಲಿಕೆಗೆ ಗುರಿಯಾಗಬೇಕಾಯಿತು.

ಅಷ್ಟಕ್ಕೇ ಅವನು ಉಳಿಯನ್ನು ಕೆಳಗಿಡಲಿಲ್ಲ. ಮೂರನೆಯ ನರಸಿಂಹನ ಕಾಲದಲ್ಲಿ, 1258ರ ಸುಮಾರಿಗೆ, ಸೋಮನಾಥ ದಂಡನಾಯಕನು ಕಾವೇರೀತೀರದ ತನ್ನ ಅಗ್ರಹಾರದಲ್ಲಿ ಕೇಶವ ದೇವಾಲಯವನ್ನು ಎತ್ತಿಸಿದನು. ಅಲ್ಲಿ ಸುಮಾರು ನಲವತ್ತು ವಿಗ್ರಹಗಳು ಮಲ್ಲಿತಮ್ಮನವೆಂದು ಎಣಿಸಲ್ಪಟ್ಟಿವೆ. ಚೌಡೆಯ, ಬಾಲೆಯ, ಮಸಣಿತಮ್ಮ ಮೊದಲಾದವರ ಹೆಸರುಗಳೂ ಇರುವುವು. ಅವನಷ್ಟು ಸಲ ಯಾರದೂ ಇಲ್ಲ. ಈ ಗುಡಿಯನ್ನು ಕುರಿತು ಆರ್. ನರಸಿಂಹಾಚಾರ್ಯರು 1917ರಲ್ಲಿ ಗ್ರಂಥವನ್ನು ಪ್ರಕಟಿಸಿ, ಇಂತಹ ಹೆಸರುಗಳನ್ನು ಓದುಗರ ಮುಂದಿಟ್ಟರು.

ಅಮೃತಾಪುರದ ಮಲ್ಲಿತಮ್ಮನೂ ಸೋಮನಾಥಪುರದ ಮಲ್ಲಿತಮ್ಮನೂ ಒಬ್ಬನೇ ಎಂದು ವಿದ್ವಾಂಸರು ಎಣಿಸಿರುವರು. ಹಾಗಾದಲ್ಲಿ ಅರವತ್ತು ವರ್ಷಗಳಿಗೆ ಮೀರಿದ ದುಡಿಮೆಯಾಯಿತು. ಮೊದಲ ಗುಡಿಯಲ್ಲಿ ಇಪ್ಪತ್ತರ ಯುವಕನೆಂದು ಭಾವಿಸಿದರೂ ಕಡೆಯದರಲ್ಲಿ ಎಂಬತ್ತು ದಾಟಿದ ವೃದ್ಧನು. ಆ ವಯಸ್ಸಿನಲ್ಲಿ ಕಣ್ಣೂ ಕೈಯೂ ನಡೆಯುವುವೆ ಎಂದು ಶಂಕಿಸುವವರು ಉಂಟು. ಪ್ರಾಯದಲ್ಲಿ ಕಲಿತ ಕೈಗೆ ಕಣ್ಣು ಮಂಜಾದರೂ ಹಾದಿ ತಪ್ಪದೆಂಬುದನ್ನು ಯಾವ ಹಳ್ಳಿಯ ಬಡಗಿಯೂ ಬಲ್ಲನು. ಜೊತೆಗೆ ಕಿರಿಯ ರೂವಾರಿಗಳು ಬಳಸಿ ನಿಂತಿದ್ದರು.

2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನೋಡಬಂದವರು ದೇವತೆಗಳ ಮುಖವನ್ನೂ ಕಿರೀಟವನ್ನೂ ನೋಡಿ ಮುಂದೆ ನಡೆಯುವರು. ತುಸು ಬಗ್ಗಿ ಪೀಠವನ್ನು ನೋಡಿದರೆ ಹಳಗನ್ನಡ ಲಿಪಿಯಲ್ಲಿ ಅವನ ಹೆಸರು ಕಾಣುವುದು. ಬೇಲೂರಿನವರಂತೆ ಹಿಂದೆಮುಂದೆ ಬಿರುದುಗಳ ಸಾಲಿಲ್ಲ; ಮಲ್ಲಿತಮ್ಮ ಎಂದಷ್ಟೇ ಇದೆ.