ಆಯ, ಉಂಬಳಿ, ವತನ: ದುಡಿಯುವವರನ್ನು ಉಳಿಸಿಕೊಂಡ ಬಗೆಗಳು

ಸಂಬಳದ ಆಚೆಗೆ ಕೊಡುವ ಸವಲತ್ತು ಕೆಲಸಗಾರರನ್ನು ಉಳಿಸಿಕೊಳ್ಳುತ್ತದೆಯೇ ಅನ್ನೋದು ಇವತ್ತಿನ ಕಂಪನಿಗಳ ಪ್ರಶ್ನೆ. ಆದರೆ ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ ಭಾಗವನ್ನೇ ಇಟ್ಟುಕೊಂಡು ಮಾತಾಡ್ತೀನಿ. ಇಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಕಣದಲ್ಲಿ ರಾಶಿ ಮಾಡಿದ ಭಾಷೆಗಳು. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು.

ಮೊದಲು ಕಲ್ಯಾಣ ಚಾಲುಕ್ಯರ ಕಾಲ. ಚಿತ್ತಾಪುರ ಹತ್ತಿರದ ನಾಗಾವಿಯ 1058ರ ಶಾಸನ ಒಂದು ಘಟಿಕಾಸ್ಥಾನದ ವ್ಯವಸ್ಥೆಯನ್ನು ಹೇಳುತ್ತದೆ. ಅದನ್ನು ನಡೆಸಲು ದತ್ತಿ ಬಿಟ್ಟವನು ದಂಡನಾಯಕ ಮಧುಸೂದನ. ವೇದ, ಶಾಸ್ತ್ರ ಕಲಿಸುವ ಉಪಾಧ್ಯಾಯರ ಜೊತೆಗೆ ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಅಲ್ಲಿ ಭೂಮಿ ಗೊತ್ತುಮಾಡಿದ್ದಾರೆ. ಪಾಠ ಹೇಳುವವರಿಗೆ ಮಾತ್ರವಲ್ಲ, ಓಲೆಗರಿ ಜೋಪಾನ ಮಾಡುವವರಿಗೂ ನೆಲೆ ಬೇಕು ಎಂಬ ತಿಳಿವಳಿಕೆ ಇದರಲ್ಲಿದೆ. ‘ಉಂಬಳಿ’ ಎಂಬ ಮಾತನ್ನೇ ನೋಡಿ, ಅದರೊಳಗೆ ‘ಉಣ್ಣು’ ಇದೆ. ದುಡಿಯುವವನ ಊಟದ ಚಿಂತೆ ಕಳೆದರೆ ಅವನು ನಿಲ್ಲುತ್ತಾನೆ ಅನ್ನೋದು ಇದರ ಲೆಕ್ಕ.

ಊರಿನ ಮಟ್ಟಕ್ಕೆ ಬಂದರೆ ಆಯಗಾರರು, ಮರಾಠಿಯ ಬಲುತೇದಾರರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಮೊದಲಾದವರು ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ರಾಶಿಯಿಂದ ಕಾಳಿನ ಪಾಲು ಪಡೆಯುತ್ತಿದ್ದರು. ಕುಂಟೆ ಮುರಿದಾಗ ಬಡಿಗ ಊರಲ್ಲೇ ಸಿಗಬೇಕು, ಬೇರೆ ಊರಿಗೆ ಹೋಗಿಬಿಟ್ಟರೆ ಬಿತ್ತನೆ ತಪ್ಪುತ್ತದೆ. ಆದ್ದರಿಂದ ಆಯ ಬರೀ ಕೂಲಿಯಲ್ಲ, ಕುಶಲಕರ್ಮಿಯನ್ನು ಊರಿಗೆ ಕಟ್ಟಿಹಾಕುವ ಹಗ್ಗವೂ ಹೌದು.

ಈ ಹಗ್ಗ ಕೆಲವರ ಕೊರಳಿಗೆ ಉರುಳಾಯಿತು. ಮುಂಬೈ ಪ್ರಾಂತದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯಡಿ ಮಹಾರರಿಗೆ ವತನದ ತುಂಡು ಜಮೀನು ಇತ್ತು. ಅದಕ್ಕೆ ಪ್ರತಿಯಾಗಿ ಸರ್ಕಾರಿ ಚಾಕರಿಗೆ ಹೊತ್ತು ಗೊತ್ತಿಲ್ಲದೆ ಓಡಬೇಕಿತ್ತು. ಬಾಬಾಸಾಹೇಬ ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ತಿದ್ದುಪಡಿ ಮಸೂದೆ ತಂದರು. ಅಂದು ಅದು ಕಾಯ್ದೆಯಾಗಲಿಲ್ಲ. ಆದರೆ ಅವರು ಎತ್ತಿದ ವಿಷಯ ನನಗೆ ಇಡೀ ಚರ್ಚೆಯ ನಡುಗಂಬದಂತೆ ಕಾಣುತ್ತದೆ: ಸವಲತ್ತು ಹುಟ್ಟಿಗೆ ಅಂಟಿಕೊಂಡರೆ, ಬಿಟ್ಟು ಹೋಗುವ ದಾರಿ ಮುಚ್ಚಿದರೆ, ಅದು ಜೀತ.

ಇಲ್ಲಿ ಶರಣರನ್ನು ನೆನೆಯದೆ ಮುಂದೆ ಹೋಗಲಾರೆ. ಕಲ್ಯಾಣವಂತೂ ಉಮರ್ಗಾದ ಮಗ್ಗುಲಲ್ಲೇ ಇದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ವಾಪಸ್ಸು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಅದನ್ನು ನಾವು ನಿರ್ಲೋಭದ ಪಾಠವಾಗಿ ಓದ್ತೀವಿ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಹೆಚ್ಚಿನದನ್ನು ಬೇಡ ಅನ್ನುವವಳು ಕೊಡುವವರ ಹಂಗಿಗೂ ಬೀಳುವುದಿಲ್ಲ. ಕಾಯಕಕ್ಕೆ ಹುಟ್ಟಿನ ಗುರುತು ಬೇಡ ಎಂದ ಚಳವಳಿಯಲ್ಲಿ ಈ ಕಥೆ ಬೆಳೆದದ್ದು ಆಕಸ್ಮಿಕವಲ್ಲ.

ಹಾಗಂತ ಸವಲತ್ತೇ ಬೇಡ ಅಂತ ನನ್ನ ವಾದವಲ್ಲ. ಅಂಥ ಮಾತು ಮಾಲೀಕರಿಗೆ ಬಹಳ ಅನುಕೂಲ! 1952ರ ಭವಿಷ್ಯನಿಧಿ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆ ಇವು ಸವಲತ್ತನ್ನು ದಯೆಯಿಂದ ಹಕ್ಕಿಗೆ ತಂದವು. ಗ್ರಾಚ್ಯುಟಿ ಐದು ವರ್ಷದ ನಿರಂತರ ಸೇವೆ ಕೇಳಿತು, ಅಂದರೆ ಅಲ್ಲೂ ನಿಲ್ಲಿಸಿಕೊಳ್ಳುವ ಹಗ್ಗವಿದೆ. ಆದರೆ ಗಂಟು ಬಿಚ್ಚುವ ತುದಿ ನೌಕರನ ಕೈಯಲ್ಲಿದೆ. ಭವಿಷ್ಯನಿಧಿಯಂತೂ ಕೆಲಸ ಬದಲಿಸಿದರೆ ಅವನ ಜೊತೆಗೇ ಹೋಗುತ್ತದೆ.

ಹಾಗಾಗಿ ಯಾವುದೇ ಸವಲತ್ತನ್ನು, ಅದು ಶಾಸನದ್ದಿರಲಿ, ಇವತ್ತಿನ ನೇಮಕಾತಿ ಪತ್ರದ್ದಿರಲಿ, ಎರಡು ಪ್ರಶ್ನೆ ಕೇಳಿ ಓದೋಣ. ಇದು ಯಾರಿಗೆ ಸಿಗುತ್ತದೆ, ಉಪಾಧ್ಯಾಯನಿಗೆ ಮಾತ್ರವೋ, ಭಂಡಾರಿಗನಿಗೂ ಇದೆಯೋ? ಬಿಟ್ಟು ಹೊರಟವನು ಏನು ಕಳೆದುಕೊಳ್ಳುತ್ತಾನೆ? ಆಯಗಾರರ ಮನೆತನಗಳಲ್ಲಿ ಉಳಿದಿರುವ ನೆನಪುಗಳನ್ನು ಗಡಿಯ ಎರಡೂ ಕಡೆ, ಎರಡೂ ಭಾಷೆಯಲ್ಲಿ ಕೇಳಿ ಬರೆದುಕೊಳ್ಳುವ ಕೆಲಸ ನಮ್ಮ ಮುಂದಿದೆ. ಚರ್ಚೆಯಲ್ಲಿ ತಮ್ಮ ಮಾತುಗಳಿಗೆ ಕಾಯ್ತೀನಿ.