ಕಲ್ಲು ಕಾಯಿಸುವ ವಿದ್ಯೆ

ರಾಬರ್ಟ್‌ಸನ್‌ಪೇಟೆಯ ಸುತ್ತ ಕಾಣುವ ಸೈನೈಡ್ ಗುಡ್ಡಗಳು ನಿಜವಾದ ಗುಡ್ಡಗಳಲ್ಲ. ಚಿನ್ನಕ್ಕಾಗಿ ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಸಂಸ್ಕರಿಸಿ ಸುರಿದ ಬಂಡೆಯ ಪುಡಿ ಅದು.

ಕೋಲಾರದ ಚಿನ್ನ ಬೆಣಚುಕಲ್ಲಿನಲ್ಲಿ ಕಣಕಣವಾಗಿ ಅಡಗಿತ್ತು. ಕಲ್ಲನ್ನು ಪುಡಿ ಮಾಡದೆ ಅದು ಕೈಗೆ ಸಿಗುತ್ತಿರಲಿಲ್ಲ. ಅದಿರು ಅರೆಯುವುದೆಂದರೆ ಅಪಾರ ಶಕ್ತಿಯನ್ನು ನುಂಗುವ ಕೆಲಸ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳ ಯಂತ್ರಗಳಿಗಾಗಿಯೇ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಕಲ್ಲನ್ನು ಶಾಖದಿಂದ ಸಡಿಲಿಸುವ ಉಪಾಯ ಇದಕ್ಕಿಂತ ಬಹಳ ಹಳೆಯದು. ರಾಯಚೂರು ಜಿಲ್ಲೆಯ ಹಟ್ಟಿಯ ಪ್ರಾಚೀನ ಗಣಿಗಳಲ್ಲಿ ಬಂಡೆಗೆ ಬೆಂಕಿ ಹಚ್ಚಿ ಬಿರುಕು ಬಿಡಿಸುತ್ತಿದ್ದ ಕುರುಹುಗಳಿವೆ. ಆದರೆ ಬೆಂಕಿ ಕಾಯಿಸುವುದು ಹೊರಮೈಯನ್ನು ಮಾತ್ರ.

ಒಳಗಿನಿಂದಲೇ ಕಾಯಿಸುವ ದಾರಿ ತೋರಿಸಿದ್ದು ಯುದ್ಧಕಾಲದ ರೇಡಾರ್. ಅಮೆರಿಕದ ಪರ್ಸಿ ಸ್ಪೆನ್ಸರ್ 1945ರಲ್ಲಿ ಮೈಕ್ರೋವೇವ್‌ನಿಂದ ಆಹಾರ ಬೇಯಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಈ ಅಲೆಗಳು ವಸ್ತುವಿನೊಳಗೆ ಇಳಿದು ಅಲ್ಲಿನ ನೀರಿನ ಅಣುಗಳನ್ನು ಅಲುಗಿಸುತ್ತವೆ. ಆ ಅಲುಗಾಟವೇ ಶಾಖವಾಗುತ್ತದೆ. ಹೀಗಾಗಿ ಇವು ಅಡುಗೆಮನೆಯಿಂದಾಚೆಗೆ, ಕಾರ್ಖಾನೆಗಳಲ್ಲಿ ಆಹಾರ ಪದಾರ್ಥ, ರಬ್ಬರು, ಮರ ಮುಂತಾದವನ್ನು ಕಾಯಿಸಲು, ಒಣಗಿಸಲು ಬಳಕೆಗೆ ಬಂದವು.

1980ರ ದಶಕದಲ್ಲಿ ಸಂಶೋಧಕರು ಇದನ್ನು ಅದಿರಿನ ಮೇಲೂ ಪ್ರಯೋಗಿಸಿದರು. ಬೆಣಚುಕಲ್ಲು ಮೈಕ್ರೋವೇವ್‌ಗೆ ಹೆಚ್ಚೇನೂ ಕಾಯುವುದಿಲ್ಲ. ಅದರೊಳಗಿನ ಗಂಧಕಯುಕ್ತ ಖನಿಜಗಳು ಬೇಗ ಕಾಯುತ್ತವೆ. ಕಾದದ್ದು ಹಿಗ್ಗುತ್ತದೆ, ಕಾಯದ್ದು ಹಾಗೆಯೇ ಇರುತ್ತದೆ. ಎರಡರ ನಡುವೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕಲ್ಲನ್ನು ಅರೆಯುವುದು ಸುಲಭ. ಆದರೂ ಟನ್ನುಗಟ್ಟಲೆ ಅದಿರನ್ನು ಹೀಗೆ ಕಾಯಿಸುವ ಖರ್ಚು ದೊಡ್ಡದಾದ್ದರಿಂದ, ವಿಧಾನ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲೇ ಉಳಿದಿದೆ.

ಕೋಲಾರಕ್ಕೆ ಅದು ಬರಲೇ ಇಲ್ಲ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 2024ರಲ್ಲಿ ಇಲ್ಲಿನ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ಪುಡಿಗೆ ಬಿರುಕು ಬಿಡಿಸುವ ಯಾವ ಯಂತ್ರವೂ ಬೇಕಿಲ್ಲ. ಅತಿ ದುಬಾರಿಯಾದ ಆ ಕೆಲಸ ಎಂದೋ ಮುಗಿದಿದೆ. ಅದರ ಬೆಲೆಯಲ್ಲಿ ಒಂದು ಪಾಲನ್ನು ಶಿವನಸಮುದ್ರದ ಕಾವೇರಿ ತೆತ್ತಿತು. ಇನ್ನೊಂದು ಪಾಲನ್ನು ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಬಳಲಿದ ಕಾರ್ಮಿಕರ ಶ್ವಾಸಕೋಶಗಳು ತೆತ್ತವು. ಗುಡ್ಡದಲ್ಲಿ ಉಳಿದ ಚಿನ್ನಕ್ಕೆ ಲೆಕ್ಕ ಕಟ್ಟುವಾಗ ಈ ಹಳೆಯ ಬಾಕಿಯನ್ನೂ ಬರೆದಿಡಬೇಕು.